ರೊಟ್ಟಿ ಕಟ್ಟೆಗೆ ಬಂದ ಹೀರೋ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಸಿಮೆಂಟಿನ ಗೊಂಬೆ ಮಾಡಿ ಬದುಕುವವಳಿಗೆ ಸಿಟ್ಟಿಲ್ಲದಿದ್ದರೆ ನಡೆಯುವುದಿಲ್ಲ. ಇವತ್ತು ಬರುತ್ತೇನೆ ಎಂದ ಉಸುಕಿನ ಟ್ರ್ಯಾಕ್ಟರ್ ನಾಡಿದ್ದು ಬರುತ್ತದೆ. ಹುಲಿ ಮಾಡು ಎಂದವರು ಬಾಲದವರೆಗೆ ಸುಮ್ಮನಿದ್ದು, ಆಮೇಲೆ ಸಿಂಹ ಆಗಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ. ಇಂಥವರ ನಡುವೆ ನಗುನಗುತ್ತಾ ಇರಲು ನಾನೇನು ದೇವರ ಮಗಳೇ?

ಆಳಂದ ರಸ್ತೆಯಲ್ಲಿ ದಾಲ್ ಮಿಲ್ಲಿನ ಸಾವಕಾರರೊಬ್ಬರು ಮಕ್ಕಳ ಪಾರ್ಕು ಕಟ್ಟಿಸಿದಾಗ ಗೊಂಬೆಗಳ ಕೆಲಸ ನನಗೆ ಬಂತು. ತಿರುಗುವ ತೊಟ್ಟಿಲು, ಪುಟ್ಟ ರೈಲು, ಜಾರುಬಂಡಿ ಎಲ್ಲ ಊರಿನ ಪಾರ್ಕುಗಳಲ್ಲೂ ಇರುತ್ತವೆ. ನಮ್ಮದರಲ್ಲಿ ಬೇರೆ ಏನಾದರೂ ಇರಲಿ ಎಂದು ನಾನೇ ಹಟ ಹಿಡಿದು ಸುತ್ತಲಿನ ಮೂರು ತಾಲೂಕಿಗೆ ಒಂದೊಂದರಂತೆ ಮೂರು ಭಾಗ ಮಾಡಿಸಿದೆ. ಆಳಂದಕ್ಕೆ ತೊಗರಿ ಹೊಲ, ಅಫಜಲಪುರಕ್ಕೆ ಭೀಮಾ ನದಿ ಮತ್ತು ಘತ್ತರಗಿಯ ಗುಡಿಗೆ ಹೊರಟ ದೋಣಿ, ಜೇವರ್ಗಿಗೆ ರೊಟ್ಟಿ ಕಟ್ಟೆ. ಮಟಕಿ ಎಂಬ ಊರಿನಿಂದ ಬಂದ ರೈತರೊಬ್ಬರು ನನ್ನ ಸಿಮೆಂಟಿನ ತೊಗರಿ ಗಿಡವನ್ನು ಸುತ್ತು ಹಾಕಿ ನೋಡಿ, "ಇಷ್ಟು ದಪ್ಪ ಕಾಯಿ ನಮ್ಮ ಹೊಲದಾಗ ಯಾವಾಗ ಬಿಡ್ತಾವ್ರಿ? ಬೀಜ ಇದ್ರ ಕೊಡ್ರಿ" ಎಂದು ಕೇಳಿದ್ದರು. ಆವತ್ತು ಮಾತ್ರ ನನಗೆ ಸಿಟ್ಟು ಬರಲಿಲ್ಲ.

ಮೂರರಲ್ಲಿ ನನಗೆ ಹೆಚ್ಚು ಪ್ರೀತಿ ರೊಟ್ಟಿ ಕಟ್ಟೆಯ ಮೇಲೆ. ಜೋಳದ ರೊಟ್ಟಿ ಬಡಿಯುತ್ತಾ ಕುಳಿತ ಒಬ್ಬ ಹೆಣ್ಣುಮಗಳ ಗೊಂಬೆ ಅದು. ಅದಕ್ಕಾಗಿ ಎದುರಿಗೆ ಕುಳಿತು ರೊಟ್ಟಿ ಬಡಿದು ತೋರಿಸಿದವಳು ಜೇವರ್ಗಿ ಕಡೆಯ ನನ್ನ ದೊಡ್ಡವ್ವ. ಕಬ್ಬಿಣದ ಸಳಿಗೆ ಜಾಲರಿ ಸುತ್ತಿ ಸಿಮೆಂಟು ಮೆತ್ತುವಾಗ ಸುಮ್ಮನೆ ಕೂತಳೆಂದುಕೊಂಡಿರಾ? "ಸೊಂಟ ಯಾಕ ಇಷ್ಟು ಸಣ್ಣ ಮಾಡೀಬೇ? ನಾ ಏನು ಸಿನಿಮಾದಾಕಿ ಏನು? ರೊಟ್ಟಿ ಉಂಡ ಹೆಣ್ಣಮಗಳು ಹಿಂಗ ಇರ್ತಾಳೇನು?" ಎಂದು ಬೈದು ಸೊಂಟ ದಪ್ಪ ಮಾಡಿಸಿಯೇ ಬಿಟ್ಟಳು.

ಗೊಂಬೆಯ ಮುಂದೆ ನಿಜವಾದ ಒಲೆಯನ್ನೇ ಹಾಕಿಸಿದ್ದೆ. ಅಲ್ಲಿ ಕೂರುವವಳೂ ದೊಡ್ಡವ್ವನೇ. ಬಂದ ಮಕ್ಕಳು ತಮ್ಮ ಕೈಯಿಂದಲೇ ಒಂದು ರೊಟ್ಟಿ ಬಡಿಯಬೇಕು, ದೊಡ್ಡವ್ವ ಅದನ್ನು ಬೇಯಿಸಿ ಶೇಂಗಾ ಚಟ್ನಿ ಹಚ್ಚಿ ಕೊಡಬೇಕು. ದೊಡ್ಡವ್ವ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಕಚೇರಿಗೆ ಹೊರಟ ಅಧಿಕಾರಿಯ ಗತ್ತಿನಲ್ಲಿ ನನ್ನ ಸ್ಕೂಟಿಯ ಹಿಂದೆ ಕೂರುತ್ತಿದ್ದಳು. ಯಾರಾದರೂ ಎಲ್ಲಿಗೆ ಎಂದು ಕೇಳಿದರೆ "ಡ್ಯೂಟಿಗಿ" ಎನ್ನುತ್ತಿದ್ದಳು. ನಾನು ಬೇಕೆಂದೇ ಅವರಿವರಿಂದ ಕೇಳಿಸುತ್ತಿದ್ದೆ.

ಆದರೆ ಡ್ಯೂಟಿಯಲ್ಲಿ ಕೆಲಸವೇ ಇರಲಿಲ್ಲ. ಮಕ್ಕಳು ದೋಣಿ ಹತ್ತುತ್ತಿದ್ದರು, ರೈಲು ಹತ್ತುತ್ತಿದ್ದರು, ರೊಟ್ಟಿ ಕಟ್ಟೆಯ ಮುಂದೆ ಓಡಿಹೋಗುತ್ತಿದ್ದರು. ಹೆಣ್ಣುಮಕ್ಕಳು "ಮನ್ಯಾಗೂ ಇದೇ, ಇಲ್ಲೂ ಇದೇ ಏನು?" ಎಂದು ಮುಖ ಸಿಂಡರಿಸುತ್ತಿದ್ದರು. ಗಂಡುಹುಡುಗರಂತೂ "ಅದು ಹೆಣ್ಣಮಕ್ಕಳ ಕೆಲಸ" ಎಂದು ಕಿಸಕ್ಕೆಂದು ನಕ್ಕು ಹೋಗುತ್ತಿದ್ದರು. ದೊಡ್ಡವ್ವ ಕಲಸಿದ ಹಿಟ್ಟನ್ನು ತಾನೇ ಬಡಿದು, ರೊಟ್ಟಿಯನ್ನು ಕೆಲಸದವರಿಗೆ ಹಂಚಿ, ಸಂಜೆ ಸೀರೆಯ ಹಿಟ್ಟು ಕೊಡವಿಕೊಂಡು ನನ್ನ ಹಿಂದೆ ಕೂತು ಮನೆಗೆ ಬರುತ್ತಿದ್ದಳು.

ಇಂಥ ಹೊತ್ತಿನಲ್ಲಿ ಸಾವಕಾರರು ಸೊಲ್ಲಾಪುರದ ಕಡೆಯ ಯಾವುದೋ ಪಾರ್ಕು ನೋಡಿಕೊಂಡು ಬಂದರು. ಅಲ್ಲಿ ಮೂಲೆಮೂಲೆಗೆ ಸಿನಿಮಾದವರ ಗೊಂಬೆಗಳಂತೆ, ಮಂದಿ ಮುಗಿಬಿದ್ದು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಆಗ ನಮ್ಮ ಮೂರೂ ತಾಲೂಕಿನಲ್ಲಿ ಒಂದೇ ಸಿನಿಮಾದ ಹುಚ್ಚು. ಮುಂಗೈಗೆ ಹಳದಿ ಕರ್ಚೀಫು ಕಟ್ಟಿದ ಹೀರೋ ಒಂದೇ ಏಟಿಗೆ ಹತ್ತು ಜನರನ್ನು ಬಡಿದು ಕೆಡವುತ್ತಾನೆ. ಮಂಡಕ್ಕಿ ಮಾರುವವನಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರ ಮುಂಗೈಯಲ್ಲೂ ಹಳದಿ ಕರ್ಚೀಫು.

"ತಂಗಿ, ಆ ರೊಟ್ಟಿ ಕಟ್ಟಿ ಒಡಸು. ಅಲ್ಲಿ ಆ ಹೀರೋನ ನಿಂದರ್ಸೂಣು" ಎಂದರು.

"ಜೇವರ್ಗಿಗೂ ಆತಗೂ ಏನ್ ಸಂಬಂಧ್ರಿ? ಹೊಟ್ಟಿಗಿ ಹಿಟ್ಟಿಲ್ಲ ಅಂದ್ರೂ ಜುಟ್ಟಿಗಿ ಮಲ್ಲಿಗಿ ಅಂದಂಗಾತು. ಇಲ್ಲೆ ಹಿಟ್ಟೂ ಅದ, ಒಲೀನೂ ಅದ, ಎರಡೂ ಒಡದು ಮಲ್ಲಿಗಿ ಹಚ್ಚತೀರೇನು?"

"ಮಂದಿ ಬರ್ಲಿಲ್ಲಂದ್ರ ಹಿಟ್ಟು ಕಟಗೊಂಡು ಏನ್ ಮಾಡ್ಲಿ?"

ಅವರ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನನ್ನ ಕೈಯಿಂದ ಒಡೆಯುವುದಿಲ್ಲ ಎಂದು ಸಿಮೆಂಟು ಮೆತ್ತುವ ಕರಣಿ ಎಸೆದು ಮನೆಗೆ ಬಂದುಬಿಟ್ಟೆ. ದೊಡ್ಡವ್ವನಿಗೆ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. "ಯಾವ ಹೀರೋ? ಆ ಹಳದಿ ಕರ್ಚೀಫಿನಾವನೇನು? ಛಲೋ ಅದಾನ ಬಿಡು ಹುಡುಗ" ಎಂದಳು. ಆಮೇಲೆ ಎದ್ದು ಹೋಗಿ, ಮರುದಿನಕ್ಕೆಂದು ಮಡಿಸಿಟ್ಟಿದ್ದ ಇಳಕಲ್ ಸೀರೆಯನ್ನು ತೆಗೆದು ಟ್ರಂಕಿನೊಳಗೆ ಇಟ್ಟಳು.

ನಾನು ಒಲ್ಲೆ ಎಂದದ್ದಕ್ಕೆ ಸಾವಕಾರರು ನನ್ನ ಜೊತೆ ಸಿಮೆಂಟು ಕೆಲಸ ಮಾಡುವ ಗೌಂಡಿ ಚಾಚಾನಿಗೆ ನೇರವಾಗಿ ಫೋನು ಮಾಡಿದರು. ಅವರು ತೊಗರಿ ವ್ಯಾಪಾರಕ್ಕೆ ಲಾತೂರಿಗೆ ಹೊರಟ ಅವಸರದಲ್ಲಿದ್ದರು. ಆಡಿದ್ದು ಇಷ್ಟೇ: "ರೊಟ್ಟಿ ಕಟ್ಟಿ ಅದಲ್ಲ, ಅಲ್ಲಿ ಹೀರೋ ಬಡಿಯಾಕತ್ತಂಗ ಮಾಡ್ರಿ. ಕೈ ಮ್ಯಾಲ ಎತ್ತಿರಬೇಕು." ಫೋನು ಇಟ್ಟರು. ಅಷ್ಟರಲ್ಲೇ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಬ್ಯಾನರು ಕಟ್ಟಿಸಿಯೂ ಆಗಿತ್ತು: ಬರುವ ಭಾನುವಾರ ಹೀರೋ ನಮ್ಮ ಪಾರ್ಕಿಗೆ!

ಚಾಚಾ ಕೆಲಸ ಶುರು ಮಾಡಿದ್ದಾನೆ ಎಂದು ಗೊತ್ತಾಗಿ, ಕಟ್ಟೆಗೆ ಅಡ್ಡ ಬಿದ್ದಾದರೂ ನಿಲ್ಲಿಸುತ್ತೇನೆ ಎಂದು ಹೋದೆ. ಹೋಗಿ ನೋಡಿದರೆ ಕಟ್ಟೆ ಹಾಗೇ ಇದೆ. ದೊಡ್ಡವ್ವನ ಗೊಂಬೆ ಹಾಗೇ ಇದೆ. ಅದರ ಪಕ್ಕದಲ್ಲಿ ಕಬ್ಬಿಣದ ಸಳಿಗಳನ್ನು ಬಗ್ಗಿಸಿ ಒಬ್ಬ ಗಂಡಸಿನ ಆಕಾರ ಮಾಡಿದ್ದಾನೆ. ಆದರೆ ಆ ಗಂಡಸು ನಿಂತಿಲ್ಲ, ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ.

"ಇದೇನ್ ಚಾಚಾ, ಹೀರೋ ಕುಂತಾನ?"

ಚಾಚಾ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಮತ್ತ ರೊಟ್ಟಿ ಯಾರರ ನಿಂತು ಬಡೀತಾರೇನು ಬೇಟಿ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಅಲ್ಲೇ ಉಸುಕಿನ ಗುಡ್ಡೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆ. ನಮ್ಮ ಕಡೆ ಬಡಿಯುವುದು ಎಂದರೆ ಹೊಡೆಯುವುದೂ ಹೌದು, ರೊಟ್ಟಿ ತಟ್ಟುವುದೂ ಹೌದು. ರೊಟ್ಟಿ ಕಟ್ಟೆಯ ಮೇಲೆ ಬಡಿಯುವುದೆಂದರೆ ಇನ್ನೇನನ್ನು ಬಡಿಯುತ್ತಾರೆ, ಪಾಪ! ಚಾಚಾ ಸಿನಿಮಾ ನೋಡುವವನಲ್ಲ. ನಾನು ನಗುವುದನ್ನು ನೋಡಿ ಗಾಬರಿಯಾಗಿ, "ಗಲತ್ ಆತೇನು? ಬಿಚ್ಚಲೇನು?" ಎಂದು ಕೇಳಿದ.

"ಬಿಚ್ಚೀಯ ಮತ್ತ! ಹಿಂಗೇ ಇರ್ಲಿ" ಎಂದೆ.

ಎಸೆದ ಕರಣಿಯನ್ನು ಹುಡುಕಿ ತಂದೆ. ಆ ಹೀರೋನಷ್ಟು ಪ್ರೀತಿಯಿಂದ ಯಾವ ದೇವರ ಗೊಂಬೆಯನ್ನೂ ನಾನು ಮಾಡಿಲ್ಲ. ಅದೇ ಗಡ್ಡ, ಅದೇ ಉರಿಗಣ್ಣು, ಎತ್ತಿದ ಮುಂಗೈಯಲ್ಲಿ ಅದೇ ಹಳದಿ ಕರ್ಚೀಫು. ಕೈ ಕೆಳಗೆ ಮಾತ್ರ ಖಳನಾಯಕನ ಬದಲು ಬೆಳ್ಳಗಿನ ದುಂಡು ರೊಟ್ಟಿ. ಮುಖಕ್ಕೆ ಒಂದಿಷ್ಟು ಹಿಟ್ಟೂ ಮೆತ್ತಿದೆ. ಪಕ್ಕದಲ್ಲಿ ದೊಡ್ಡವ್ವನ ಗೊಂಬೆ ಅವನ ರೊಟ್ಟಿಯನ್ನೇ ನೋಡುತ್ತಿದ್ದ ಹಾಗಿತ್ತು.

ಭಾನುವಾರ ಬೆಳಿಗ್ಗೆ ಸಾವಕಾರರು ಲಾತೂರಿನಿಂದ ನೇರವಾಗಿ ಪಾರ್ಕಿಗೇ ಬಂದರು. ಕಟ್ಟೆಯ ಮುಂದೆ ಹಲಗಿ ವಾದ್ಯ ಬಡಿಯುತ್ತಾ, ಗುಲಾಲು ಎರಚುತ್ತಾ ಅಭಿಮಾನಿ ಹುಡುಗರ ದಂಡೇ ನಿಂತಿತ್ತು. ಆಳಂದದವರು ಒಂದು ಕಡೆ, ಜೇವರ್ಗಿಯವರು ಒಂದು ಕಡೆ. ಅಫಜಲಪುರದ ಗುಂಪಿಗೆ ಎತ್ತಿನಂಥ ಮೈಯ ಒಬ್ಬ ಹುಡುಗ ಮುಖಂಡ. ಇಡೀ ಕಟ್ಟೆಗೆ ಪರದೆ ಕಟ್ಟಿ, ದೊಡ್ಡವ್ವನನ್ನು ನಾನು ಬಲವಂತವಾಗಿ ಕರೆತಂದು ಅದರ ಹಿಂದೆ ಒಲೆಯ ಮುಂದೆ ಕೂರಿಸಿದ್ದೆ. ಸಾವಕಾರರು ನಗುನಗುತ್ತಾ ಪರದೆಯ ಹಗ್ಗ ಎಳೆದರು.

ಹಲಗಿ ನಿಂತಿತು. ಸಾವಕಾರರ ಮುಖ ಸುಟ್ಟ ಬದನೆಕಾಯಿಯಾಯಿತು. "ನಾ ಬಡಿಯಾಕತ್ತಂಗ ಮಾಡು ಅಂದಿದ್ದೆ" ಎಂದು ಹಲ್ಲು ಕಚ್ಚಿ ನನ್ನ ಕಿವಿಯಲ್ಲಿ ಹೇಳಿದರು.

"ಬಡಿಯಾಕತ್ತಾನಲ್ರಿ ಸಾವಕಾರ್ರ!"

"ಈ ಹುಡುಗ್ರು ಇವತ್ತ ನನ್ನ ಪಾರ್ಕಿಗಿ ಬೆಂಕಿ ಹಚ್ಚತಾರ. ಅವರು ಹೊಳ್ಳಿ ಹೋದ ಕೂಡ್ಲೆ ಕಟ್ಟೀನೂ ಇಲ್ಲ, ಗೊಂಬೀನೂ ಇಲ್ಲ. ಎಲ್ಲಾ ಒಡಸ್ತೀನಿ ನೋಡು."

ಅಫಜಲಪುರದ ಮುಖಂಡ ಮುಂದೆ ಬಂದ. ಅವನ ಕಣ್ಣು ಗೊಂಬೆಯ ಕಣ್ಣಿಗಿಂತ ಕೆಂಪಾಗಿತ್ತು. "ಯಾರು ಮಾಡಿದ್ದಿದು? ನಮ್ಮ ಅಣ್ಣನ ಕೈಯಾಗ ರೊಟ್ಟಿ ಬಡಸ್ತೀರಾ?" ಬಾಯಿ ಜೋರಿನವಳಾದ ನಾನೇ ಚಾಚಾನ ಹಿಂದೆ ಸರಿದೆ.

ಒಲೆಯ ಮುಂದಿನಿಂದ ದೊಡ್ಡವ್ವನ ದನಿ ಬಂತು. "ಯಾಕೋ ಮಗನ, ರೊಟ್ಟಿ ಬಡಿಯೋದು ಅಂದ್ರ ಹಗುರ ಅಂತ ತಿಳದೀಯೇನು? ಹತ್ತು ಮಂದಿನ್ನ ಯಾವನರ ಬಡೀತಾನ. ಬಾ, ನೀ ಒಂದು ರೊಟ್ಟಿ ಬಡದು ತೋರ್ಸು, ಆಮ್ಯಾಲ ಜಗಳ ಮಾಡು."

ಹಿಂದಿನಿಂದ ಜೇವರ್ಗಿಯ ಹುಡುಗರು "ಹೌದ ಹೌದ, ಕುಂದ್ರಲೇ!" ಎಂದು ಕೂಗಿದರು. ತಾಲೂಕಿನ ಮರ್ಯಾದೆಯ ಪ್ರಶ್ನೆ ಬಂತಲ್ಲ, ಅವನು ಅಂಗಿಯ ತೋಳು ಮಡಚಿ ಕೂತ. ಹಿಟ್ಟಿನ ಉಂಡೆಗೆ ಒಂದು ಏಟು ಕೊಟ್ಟ. ರೊಟ್ಟಿ ನಡುವೆ ಸೀಳಿ ಎರಡಾಯಿತು. ಜನ ಹೋ ಎಂದು ನಕ್ಕರು.

"ಹಿಟ್ಟು ಸರಿ ಇಲ್ಲ ಆಯಿ" ಎಂದ.

"ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಳಂತ! ಸಿಟ್ಟಿಲೆ ಬಡೀಬ್ಯಾಡೋ. ಅಂಚಿಗಿ ಹಗೂರಕ, ನಡುವ ಇನ್ನೂ ಹಗೂರಕ. ಹಾಂ, ತಿರುಗಿಸ್ಕೋಂತ ಬಡಿ."

ಎರಡನೆಯದೂ ಹರಿಯಿತು. ಮೂರನೆಯದು ರೊಟ್ಟಿಯಾಯಿತು, ದುಂಡಗಲ್ಲ, ಅತ್ತ ಇತ್ತ ಮೂಲೆ ಚಾಚಿದ ತಾಲೂಕಿನ ನಕಾಶೆಯ ಹಾಗೆ. ದೊಡ್ಡವ್ವ ಅದನ್ನು ಹಂಚಿಗೆ ಹಾಕಿ ನೀರು ಸವರಿ, ಮಗುಚಿ, ಕೆಂಡದ ಕಡೆ ತೋರಿದಳು. ಬಲೂನಿನಂತೆ ಉಬ್ಬಿತು. ಹುಡುಗನ ಮುಖ ನೋಡಬೇಕಿತ್ತು! ಬಿಸಿ ರೊಟ್ಟಿಯನ್ನು ಕೈಯಿಂದ ಕೈಗೆ ಹಾರಿಸುತ್ತಾ ಗೊಂಬೆಯ ಪಕ್ಕಕ್ಕೆ ಓಡಿ, "ಅಣ್ಣಂದೊಂದು, ನಂದೊಂದು! ಫೋಟೊ ತೆಗೀಲೇ!" ಎಂದು ಕಿರುಚಿದ.

ಅಲ್ಲಿಂದ ಮುಂದೆ ಯಾರ ಹಿಡಿತಕ್ಕೂ ಸಿಗಲಿಲ್ಲ. ಹಳದಿ ಕರ್ಚೀಫಿನ ಗಂಡುಹುಡುಗರು ತೋಳು ಮಡಚಿ ಸಾಲು ನಿಂತರು. ಅವರ ಕಾಲ ಸಂದಿಯಲ್ಲಿ ಚಿಕ್ಕ ಮಕ್ಕಳು ನುಸುಳಿದವು. "ಮನ್ಯಾಗೂ ಇದೇ" ಎನ್ನುತ್ತಿದ್ದ ಹೆಣ್ಣುಮಕ್ಕಳು ಈಗ ಕಟ್ಟೆ ಹತ್ತಿ, "ಹಂಗಲ್ಲ, ಹಿಂಗ" ಎಂದು ತಮ್ಮ ಅಣ್ಣಂದಿರಿಗೆ ಪಾಠ ಹೇಳತೊಡಗಿದರು. ಮಧ್ಯಾಹ್ನಕ್ಕೆ ಹಿಟ್ಟು ತೀರಿ, ಸಾವಕಾರರೇ ತಮ್ಮ ಮನೆಯಿಂದ ಹಿಟ್ಟಿನ ಚೀಲ ತರಿಸಿದರು. ನನ್ನ ಹತ್ತಿರ ಬಂದು ಕೆಮ್ಮಿದರು.

"ತಂಗಿ, ಅಫಜಲಪುರದ ದೋಣ್ಯಾಗೂ ಆತನ್ನ ಕುಂದ್ರಿಸಿದ್ರ ಹ್ಯಾಂಗ?"

"ಕುಂದ್ರಿಸೂಣ್ರಿ. ಆದ್ರ ಹುಟ್ಟು ಆತನೇ ಹಾಕಬೇಕು" ಎಂದೆ. "ಆಳಂದದ ಹೊಲದಾಗ ಕಸಾನೂ ತೆಗೀಬೇಕು."

"ತೆಗೀಲಿ ತೆಗೀಲಿ. ಈ ಕಟ್ಟಿ ಇನ್ನ ಜರಾ ಅಗಲ ಮಾಡು" ಎಂದರು. ಗೆದ್ದೆ! ನಾನು ಅಲ್ಲೇ ಚಾಚಾನ ಎರಡೂ ಕೈ ಹಿಡಿದು ಕುಣಿದೆ. ಆತನಿಗೆ ತಾನು ಮಾಡಿದ ಕೆಲಸ ಸರಿಯೋ ತಪ್ಪೋ ಇನ್ನೂ ಗೊತ್ತಾಗಿರಲಿಲ್ಲ.

ಇಳಿಹೊತ್ತಿನಲ್ಲಿ ಹುಡುಗರು ದಣಿದು ಕಟ್ಟೆಯ ಸುತ್ತ ಕೂತಾಗ ದೊಡ್ಡವ್ವ ಒಂದು ದೊಡ್ಡ ಉಂಡೆ ಎತ್ತಿಕೊಂಡಳು. "ಈಗ ನಾ ಬಡೀತೀನಿ, ನೋಡ್ರಿ" ಎಂದಳು. ಪಟಪಟ, ಪಟಪಟ. ರೊಟ್ಟಿ ಪರಾತ ತಟ್ಟೆಯ ತುಂಬ ಹರಡಿತು, ಹಾಳೆಯಷ್ಟು ತೆಳ್ಳಗೆ, ಚಂದ್ರನಷ್ಟು ದುಂಡಗೆ. ಎರಡೂ ಅಂಗೈಯ ಮೇಲೆ ಎತ್ತಿ ಹಂಚಿಗೆ ಹಾಕಿದಾಗ, ಎಲ್ಲೂ ಮುಕ್ಕಾಗದೆ ಹಾಸಿಕೊಂಡಿತು. ಅಫಜಲಪುರದ ಆ ಎತ್ತಿನಂಥ ಹುಡುಗ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ. ಟಾಕೀಸಿನಲ್ಲಿ ಹೀರೋ ಬಂದಾಗ ಹೊಡೆಯುತ್ತಾರಲ್ಲ, ಅಂಥ ಸೀಟಿ. ಅವನ ಹಿಂದೆಯೇ ಎಲ್ಲರೂ ಹೊಡೆದರು.

ದೊಡ್ಡವ್ವನ ಕೈ ಗಾಳಿಯಲ್ಲೇ ನಿಂತಿತು. ಯಾರಿಗೆ ಎಂಬಂತೆ ಹಿಂದೆ ತಿರುಗಿ ಗೊಂಬೆಯ ಕಡೆ ನೋಡಿದಳು.

"ನಿಂಗೇ ಆಯಿ!" ಎಂದ ಹುಡುಗ.

"ನಂಗ?" ಎಂದಳು. "ಎಷ್ಟು ಮದವಿ ಮನ್ಯಾಗ ರೊಟ್ಟಿ ಬಡದೀನೋ ಯಪ್ಪಾ, ಉಂಡು ಕೈ ತೊಳಕೊಂಡು ಹೋದ್ರು ಮಂದಿ. ಒಬ್ಬರರ ಸೀಟಿ ಹೊಡದಿಲ್ಲ." ಹಿಟ್ಟಿನ ಕೈಯಿಂದಲೇ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. "ಇನ್ನೊಮ್ಮೆ ಹೊಡೀರಲೇ!"