ಅಕ್ಕನ ಸೀರೆ ಹೊದ್ದು ಕರೆದ ಬೆಕ್ಕು

ಬೆಕ್ಕು ಓಡಿಹೋಗಲಿಲ್ಲ, ಅಕ್ಕ. ನಾನು ಅದನ್ನು ಚೀಲಕ್ಕೆ ಹಾಕಿ ಕಳವಾರದ ಬೆಟ್ಟದ ಬುಡದಲ್ಲಿ ಬಿಟ್ಟುಬಂದೆ.

ಈ ಎರಡು ವಾಕ್ಯ ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಕಂಡವರ ತಪ್ಪಿಗೆಲ್ಲ ಟಿಪ್ಪಣಿ ಬರೆದ ಮಹಾನುಭಾವ ನಾನು. ನನ್ನದೇ ಕಡತ ತೆರೆಯುವ ಹೊತ್ತಿಗೆ ಮಾತ್ರ ಪೆನ್ನಿನಲ್ಲಿ ಮಸಿ ಇರುತ್ತಿರಲಿಲ್ಲ.

ನಿನಗೆ ಎಲ್ಲ ನೆನಪಿದೆ, ಗೊತ್ತು. ಆದರೂ ಬರೆಯುತ್ತೇನೆ — ನನಗೂ ನೆನಪಿದೆ ಎಂದು ನಿನಗೆ ತಿಳಿಯಬೇಕು. ಭಾವ ತೀರಿಕೊಂಡ ವರ್ಷ ಅದು. ನಿವೃತ್ತನಾದ ನಾನು, ರೇಷ್ಮೆಹುಳು ಸಾಕಲು ನಿನಗೆ ನೆರವಾಗುತ್ತೇನೆಂದು ಮೇಲೂರಿಗೆ ಬಂದು ಬಿಡಾರ ಹೂಡಿದ್ದೆ. ಚಿಕ್ಕಬಳ್ಳಾಪುರದ ಟೀಚರಮ್ಮ ಬೀದಿಯಿಂದ ಎತ್ತಿ ತಂದ ಬೂದು ಬೆಕ್ಕನ್ನು ನೀನು ಟೊಮೆಟೊ ಕ್ರೇಟಿನಲ್ಲಿಟ್ಟು ಬಸ್ಸಿನಲ್ಲಿ ತಂದೆ. ಅದು ಕ್ರೇಟಿನಿಂದ ಹಾರಿ, ಹುಳುಮನೆಯ ಪಕ್ಕದ ಕೋಣೆಯಲ್ಲಿ ಗೋಡೆಗೊರಗಿಸಿದ್ದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಹಿಂದೆ ಹೊಕ್ಕಿತು. ಹನ್ನೊಂದು ದಿನ ನಮಗೆ ಕಂಡದ್ದು ಎರಡು ಕಣ್ಣು ಮಾತ್ರ.

ನೀನು ದಿನಾ ಮಧ್ಯಾಹ್ನ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ. ನಾನು ಬಗ್ಗಿ ಇಣುಕಿದರೆ ಬೈಯುತ್ತಿದ್ದೆ.

"ಹಂಗೆ ನೋಡ್ಬೇಡ ಕಣೋ ಸೀನ. ಹೆಣ್ಣು ನೋಡಕ್ಕೆ ಬಂದೋರ ತರ ಕೂತ್ರೆ ಯಾರಿಗ್ ತಾನೆ ಆಚೆ ಬರಕ್ಕೆ ಮನಸಾಗುತ್ತೆ?"

ಮೊಸರನ್ನದ ಬಟ್ಟಲು ದಿನಕ್ಕೊಂದು ಗೇಣು ನಿನ್ನ ಕಡೆ ಸರಿಯಿತು. ಮನೆಯಲ್ಲಿ ನಮ್ಮೆಲ್ಲರೊಂದಿಗೂ ಕನ್ನಡ, ಬೆಕ್ಕಿಗೆ ಮಾತ್ರ, ಅಮ್ಮ ನಮ್ಮನ್ನು ಕರೆಯುತ್ತಿದ್ದ ತೆಲುಗು — "ರಾ ತಲ್ಲೀ, ರಾ." ಒಂದು ದಿನ ಅದು ನಿನ್ನ ಬೆರಳು ಮೂಸಿತು. ಅವತ್ತು ನೀನು ಕಾಫಿಗೆ ಎರಡು ಸಲ ಸಕ್ಕರೆ ಹಾಕಿದೆ. ತಿಂಗಳಾಗುವಷ್ಟರಲ್ಲಿ ಅದು ನಿನ್ನ ಸೆರಗಿನ ಮೇಲೆ ಮಲಗುತ್ತಿತ್ತು. ನಾನು ಬಿಸ್ಕತ್ತು ಹಿಡಿದು ಹೋದರೆ ಮತ್ತೆ ಚಂದ್ರಿಕೆಯ ಹಿಂದೆ.

ಆಮೇಲೆ ಹುಳುಗಳು ನಾಲ್ಕನೇ ಜ್ವರಕ್ಕೆ ಕುಳಿತವು — ಪೊರೆ ಕಳಚುವ ಮುನ್ನ ಸೊಪ್ಪು ಮುಟ್ಟದೆ, ತಲೆಯೆತ್ತಿ ಅಲುಗದೆ ಇರುವ ಹೊತ್ತು. ಆಗ ತಟ್ಟೆಗಳ ಮೇಲೂ ನೆಲದ ಮೇಲೂ ಸುಣ್ಣದ ಪುಡಿ ಉದುರಿಸುವುದು ನನ್ನ ಕೆಲಸ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ತಟ್ಟೆಯಲ್ಲಿ ಅಂಗೈ ಅಗಲ ಹುಳುಗಳೇ ಇಲ್ಲ. ಕೆಳಗೆ ಸುಣ್ಣದ ಮೇಲೆ ಬೆಕ್ಕಿನ ಹೆಜ್ಜೆ.

ಅಲ್ಲೇ ನ್ಯಾಯಸ್ಥಾನ ಸೇರಿತು. ಫಿರ್ಯಾದಿ ನಾನು, ಸಾಕ್ಷಿ ನಾನು, ನ್ಯಾಯಾಧೀಶನೂ ನಾನೇ. ಹೆಜ್ಜೆಗಳು ತಟ್ಟೆಯ ಬಳಿ ನಿಲ್ಲದೆ ಆಚೆ ಮೂಲೆಯವರೆಗೂ ಹೋಗಿದ್ದವು. ಮೂಲೆಗೆ ಹೋಗಿ ನೋಡುವ ಶ್ರಮವನ್ನು ನ್ಯಾಯಾಧೀಶರು ತೆಗೆದುಕೊಳ್ಳಲಿಲ್ಲ.

ನಿನಗೆ ಏಕೆ ಹೇಳಲಿಲ್ಲ? ಹುಳುವಿನ ಚಿಂತೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಆ ಚಿಂತೆ ಒಂದಾಣೆಯಷ್ಟಿತ್ತು. ಉಳಿದ ಹದಿನೈದಾಣೆ ಹೊಟ್ಟೆಕಿಚ್ಚು. ಅರವತ್ತು ದಾಟಿದ ಗಂಡಸು, ಒಂದು ಬೆಕ್ಕು ತನ್ನ ಹತ್ತಿರ ಬರಲಿಲ್ಲವೆಂದು!

ಅವತ್ತು ನೀನು ನೆಂಟರ ಮನೆಯ ನಾಮಕರಣಕ್ಕೆಂದು ಚಿಂತಾಮಣಿಗೆ ಹೋಗಿದ್ದೆ. ಹುಳುಮನೆಗೆ ಉಡುವ ನಿನ್ನ ಹಳೆಯ ಸೀರೆ ಮೊಳೆಗೆ ನೇತಾಡುತ್ತಿತ್ತು. ಸೊಪ್ಪಿನ ವಾಸನೆ, ಬ್ಲೀಚಿಂಗ್ ಪೌಡರಿನ ವಾಸನೆ. ಅದನ್ನು ಹೊದ್ದುಕೊಂಡೆ. ನಿನ್ನ ಜಾಗದಲ್ಲಿ, ನಿನ್ನ ಹಾಗೆ ಬೆನ್ನು ಹಾಕಿ ಕೂತೆ. ಕೈಯನ್ನು ಹಿಂದಕ್ಕೆ ಚಾಚಿ, ನಿನ್ನ ದನಿಯನ್ನು ಗಂಟಲಲ್ಲಿ ಹುಡುಕಿ ಕರೆದೆ —

"ರಾ ತಲ್ಲೀ, ರಾ."

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಿದಿರು ಸಣ್ಣಗೆ ಕಿರುಗುಟ್ಟಿತು. ಅದು ಬಂದು ನಿಂತದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ಒಂದು ಹೆಜ್ಜೆ ಹಿಂದೆ ಹೋಯಿತು, ಮತ್ತೆ ಬಂತು — ಬಂದು ಅಂಗೈಗೆ ತಲೆ ಉಜ್ಜಿತು. ಎಷ್ಟು ಬೆಚ್ಚಗಿತ್ತು, ಅಕ್ಕ. ಅಲ್ಲಿಗೇ ಬಿಡಬಹುದಿತ್ತು. ನನಗೆ ಬೇಕಾದದ್ದು ಅಷ್ಟೇ ಅಲ್ಲವೇ, ಸಿಕ್ಕಿತ್ತಲ್ಲ —

ಬಿಡಲಿಲ್ಲ. ಸೀರೆ ಸಮೇತ ಸುತ್ತಿ ಸೊಪ್ಪಿನ ಚೀಲಕ್ಕೆ ಹಾಕಿದೆ. ಸ್ಕೂಟರಿನಲ್ಲಿ ಕಳವಾರದವರೆಗೂ ಅದು ಒಂದು ಸದ್ದು ಮಾಡಲಿಲ್ಲ. ಬೆಟ್ಟದ ಬುಡದಲ್ಲಿ ಚೀಲ ಬಿಚ್ಚಿದಾಗಲೂ ಓಡಲಿಲ್ಲ. ನಿನ್ನ ಸೀರೆಯ ಮೇಲೆ ಕೂತೇ ಇತ್ತು. ಸೀರೆ ನೀನು ಬರುವುದರೊಳಗೆ ಮೊಳೆಗೆ ಸೇರಬೇಕಲ್ಲ — ಅದರ ಕಾಲಡಿಯಿಂದ ಎಳೆದುಕೊಂಡೆ.

ಸಂಜೆ ನೀನು ಚಪ್ಪಲಿ ಬಿಡುವ ಮೊದಲೇ ನಾನು ಹೇಳಿದೆ: "ಬಾಗಿಲು ತೆರೆದಿತ್ತು. ಓಡಿಹೋಯ್ತು."

ನೀನು ನನ್ನನ್ನು ಬೈಯುತ್ತೀಯ ಎಂದು ಸಿದ್ಧನಾಗಿದ್ದೆ. ನೀನು ಹೊಸಿಲ ಮೇಲೆ ಕೂತು ಹೇಳಿದ್ದು ಇಷ್ಟು:

"ನಿನ್ನೆ ಅದನ್ನ ಮೊದಲ್ನೇ ಸಲ ಎತ್ಕೊಂಬಿಟ್ಟೆ ಕಣೋ. ಇನ್ನೂ ನಾಲ್ಕು ದಿನ ತಡೀಬೇಕಿತ್ತು. ನಾನೇ ಅವಸರ ಮಾಡ್ದೆ."

ಆಗ ಬಾಯಿ ತೆರೆಯಬೇಕಿತ್ತು.

ಎರಡು ದಿನ ಬಿಟ್ಟು ಮತ್ತೊಂದು ತಟ್ಟೆ ಖಾಲಿಯಾಯಿತು. ಆಗ ಮೂಲೆಗೆ ಹೋಗಿ ನೋಡಿದೆ. ಇಲಿ ಬಿಲ. ಬೆಕ್ಕು ಅದರ ಬಾಯಿಗೆ ಕಾವಲು ಕೂತಿತ್ತು. ಸುಣ್ಣದಲ್ಲಿ ಅದು ಕೂತ ಗುರುತು ಇನ್ನೂ ಇತ್ತು. ಬಿಲಕ್ಕೆ ಗಾಜಿನ ಚೂರು ತುಂಬಿ ಸಿಮೆಂಟು ಬಳಿದೆ. ನೀನು ಕೇಳಿದ್ದಕ್ಕೆ ಗೋಡೆ ಬಿರುಕು ಬಿಟ್ಟಿತ್ತೆಂದೆ.

ಕಳವಾರಕ್ಕೂ ಹೋದೆ. ಅಲ್ಲಿ ಟೀ ಅಂಗಡಿಯ ಹೆಂಗಸು ಹೇಳಿದಳು: "ಬೂದು ಬೆಕ್ಕಾ ಸಾರ್? ಎರಡು ದಿನ ಇಲ್ಲೇ ಕೂತಿತ್ತು. ಹಾಲಿಟ್ರೂ ಮುಟ್ಲಿಲ್ಲ. ಸೀರೆ ಉಟ್ಟೋರು ಯಾರಾದ್ರೂ ಹೋದ್ರೆ ಎದ್ದು ಹಿಂದೆ ಹೋಗೋದು, ಮುಖ ನೋಡಿ ವಾಪಸ್ ಬರೋದು. ನಿಮ್ದಾ?"

ಅಲ್ಲ ಎಂದೆ. ಅದೊಂದು ಮಾತ್ರ ಸುಳ್ಳಲ್ಲ. ನಾಲ್ಕು ಬೀದಿ ಹುಡುಕಿದೆ, ಸಿಗಲಿಲ್ಲ.

ಹೋದ ವಾರ ಟೀಚರಮ್ಮ ನಿನಗೆ ಫೋನು ಮಾಡಿದರು. ಇನ್ನೊಂದು ಅಂಜುಬುರುಕ ಬೆಕ್ಕಿದೆ, ಯಾರ ಹತ್ತಿರವೂ ಹೋಗುತ್ತಿಲ್ಲ, ನೀವೇ ಆಗಬೇಕು ಎಂದರು. "ಬೇಡಮ್ಮ, ನನ್ ಕೈಗೆ ಅವು ನಿಲ್ಲಲ್ಲ" ಎಂದು ನೀನು ಫೋನಿಟ್ಟು, ಆ ಕೈಯನ್ನೇ ಸೆರಗಿಗೆ ಒರೆಸಿಕೊಂಡೆ. ನಾನು ಎದುರಿಗೆ ಕೂತು ಪೇಪರು ಓದುತ್ತಿದ್ದೆ. ಓದುತ್ತಿರಲಿಲ್ಲ.

ನಿನ್ನ ಕೈಯಲ್ಲಿ ದೋಷವಿರಲಿಲ್ಲ, ಅಕ್ಕ. ನೀನು ಅವಸರವನ್ನೂ ಮಾಡಲಿಲ್ಲ. ಅದು ನಿನ್ನನ್ನು ಪೂರ್ತಿಯಾಗಿ ನಂಬಿತ್ತು — ನಂಬಿದ್ದರಿಂದಲೇ ನನಗೆ ಸಿಕ್ಕಿತು.

ಇದನ್ನು ಇವತ್ತೇ ನಿನ್ನ ಕನ್ನಡಕದ ಪಕ್ಕ ಇಡುತ್ತೇನೆ. ನೀನು ಓದಿ ಮುಗಿಸುವವರೆಗೂ ಹಿತ್ತಲಲ್ಲಿರುತ್ತೇನೆ. ಟೀಚರಮ್ಮನಿಗೆ ಫೋನು ಮಾಡು. ಆ ಬೆಕ್ಕು ಬರುವ ದಿನ ನಾನು ಈ ಮನೆಯಲ್ಲಿರಬೇಕೋ ಬೇಡವೋ, ಅದನ್ನು ನೀನೇ ಹೇಳು.