ತೀರದ ಮುಯ್ಯಿ

ಬನ್ನೂರಿನ ಸುತ್ತ ಈಗ ನಾಟಿ ಯಂತ್ರಗಳು ಬಂದಿವೆ. ಆದರೂ ನಮ್ಮ ಬೀದಿಯ ಹೆಂಗಸರು ಮುಯ್ಯಾಳು ಬಿಟ್ಟಿಲ್ಲ. ಇವತ್ತು ನೀವು ಬಂದು ನಮ್ಮ ಗದ್ದೆಗೆ ಪೈರು ನಾಟಿ ಹಾಕಿದರೆ ನಾಳೆ ನಾವು ನಿಮ್ಮ ಗದ್ದೆಗೆ ಬಂದು ಆ ಮುಯ್ಯಿ ತೀರಿಸುತ್ತೇವೆ, ಅಷ್ಟೇ. ಕೂಲಿಯ ಮಾತೇ ಇಲ್ಲ.

ಹೋದ ವರ್ಷ ಎಲ್ಲರೂ ಸೇರಿ ನಮ್ಮ ನಾಟಿ ಮುಗಿಸಿಕೊಟ್ಟರು. ಅದರ ಮಾರನೆಯ ದಿನವೇ ಅವ್ವ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ನಾನು ನಂಜನಗೂಡಿನಿಂದ ರಜೆ ಹಾಕಿ ಓಡಿ ಬಂದೆ. ನೋಡಿದರೆ, ಅವಳಿಗೆ ಕಾಲಿನ ಚಿಂತೆಯೇ ಇಲ್ಲ. ಮುಂದಿನ ವಾರ ಪಕ್ಕದ ಮನೆ ಚಿಕ್ಕವ್ವನ ನಾಟಿ. ಹೋಗದಿದ್ದರೆ ಗುಂಪಿನಿಂದ ಕೈಬಿಡುತ್ತಾರೆ, ಆಮೇಲೆ ನನ್ನನ್ನು ಯಾರು ಕರೆಯುತ್ತಾರೆ ಎಂದು ಒಂದೇ ರಾಗ. ಪಟ್ಟಿ ಹಾಕಿದ ಕಾಲಿಟ್ಟುಕೊಂಡು ಕೆಸರಿಗೆ ಇಳಿಯುತ್ತೀಯಾ ಎಂದು ರೇಗಿದೆ. ಕೇಳುವ ಜಾಯಮಾನ ಅವಳದಲ್ಲ. ನನಗೂ ಹೇಳದೆ ಪಕ್ಕದೂರಿನಿಂದ ಕೂಲಿಯ ಹೆಂಗಸೊಬ್ಬಳನ್ನು ಗೊತ್ತುಮಾಡಿ, ನಾಟಿಯ ದಿನ ಬೆಳಿಗ್ಗೆ ತನ್ನ ಬದಲು ಚಿಕ್ಕವ್ವನ ಗದ್ದೆಗೆ ಕಳಿಸಿಬಿಟ್ಟಳು.

ತಿಂಡಿ ಹೊತ್ತಿಗೆ ಆ ಹೆಂಗಸು ವಾಪಸು ಬಂದಳು. ಬೇಡ ಅಂದರಂತೆ. ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದಳು.

"ಆಯ್ತು ಬುಡು. ನನ್ನ ಕೈ ಬುಟ್ರು."

ನನಗೆ ಮೈಯೆಲ್ಲ ಉರಿಯಿತು. ಜಗಳಕ್ಕೆಂದೇ ಚಪ್ಪಲಿ ಮೆಟ್ಟುತ್ತಿದ್ದೆ, ಅಷ್ಟರಲ್ಲಿ ಚಿಕ್ಕವ್ವನೇ ಕೆಸರುಗಾಲಲ್ಲಿ ಆಟೋ ಮಾಡಿಕೊಂಡು ಬಂದಿಳಿದಳು. ಅವಳ ಸಿಟ್ಟಿನ ಮುಂದೆ ನನ್ನದೇನೂ ಅಲ್ಲ.

"ಅಲ್ಲ ಕಣಕ್ಕಯ್ಯ, ಕೂಲಿಯೋಳ್ನ ಕಳ್ಸಿ ಚುಕ್ತಾ ಮಾಡ್ಕೊಳಕೆ ನಾವೇನ್ ಬ್ಯಾಂಕ್ನೋರಾ? ಏಳು. ಬದೀನ್ ಮ್ಯಾಲೆ ಕುಂತು ಬೈಯೋರಿಲ್ದೆ ಸಾಲೆಲ್ಲ ಸೊಟ್ಟ ಓಯ್ತಾವೆ."

ಇಬ್ಬರೂ ಹಿಡಿದು ಅವ್ವನನ್ನು ಆಟೋಗೆ ಹತ್ತಿಸಿದೆವು. ಬದುವಿನ ಮೇಲೆ ಪ್ಲಾಸ್ಟಿಕ್ ಚೇರಿನಲ್ಲಿ ಕೂತು ಅವಳು ಸಂಜೆಯವರೆಗೂ ಒಬ್ಬೊಬ್ಬರ ಸಾಲಿಗೂ ಕೊಂಕು ತೆಗೆದಳು. ಅವರೂ ಬಗ್ಗಿದಲ್ಲಿಂದಲೇ ಅವಳನ್ನು ಮಹಾರಾಣಿ ಎಂದು ಆಡಿಕೊಂಡರು. ಯಾರಿಂದ ಏನು ಪಡೆದರೂ ಬೇಗ ತೀರಿಸಿ ಕೈ ತೊಳೆದುಕೊಳ್ಳುವುದೇ ಮರ್ಯಾದೆ ಎಂದು ನಾನು ತಿಳಿದಿದ್ದೆ. ಇಲ್ಲಿ ತೀರಿಸಹೊರಟಿದ್ದೇ ಅವರಿಗೆ ನೋವಾಗಿತ್ತು. ತೀರಿದ ಮೇಲೆ ಯಾರು ಯಾರ ಮನೆ ಬಾಗಿಲಿಗೆ ಯಾಕೆ ಬರಬೇಕು?

ಹೊರಡುವಾಗ ಅವ್ವ ಚಿಕ್ಕವ್ವನ ಕೈ ಹಿಡಿದು, ಇವತ್ತಿಗೆ ಮುಯ್ಯಿ ತೀರಿತೇ ಎಂದು ಮೆಲ್ಲಗೆ ಕೇಳಿದಳು.

"ಚೇರಲ್ ಕುಂತಿದ್ದು ಯಾವ್ ಸೀಮೆ ಮುಯ್ಯಿ? ಮುಂದಿನ್ ವರ್ಸ ಬಂದು ನಾಟಿ ಆಕು."

ಕಾಲು ಮುರಿದ ದಿನವೂ ಅಳದಿದ್ದ ಅವ್ವ ಆಗ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತುಬಿಟ್ಟಳು.