ದಂಡೆಯ ಮೇಲೆ ನಿಲ್ಲು ಎಂದವರು

ಮರಾಠಿಯಲ್ಲಿ ಸಿಟ್ಟಿಗೆ ‘ರಾಗ’ ಎನ್ನುತ್ತಾರೆ. ಕನ್ನಡದ ರಾಗ ನನ್ನ ಗಂಟಲಿಗೆ ಎಂದೂ ಒಲಿಯಲಿಲ್ಲ. ಮರಾಠಿಯದು ಹುಟ್ಟುತ್ತಲೇ ಒಲಿದಿದೆ. ಇಚಲಕರಂಜಿಯಲ್ಲಿ ಮೂವತ್ತೈದು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿರುವ ನನ್ನನ್ನು ಗಿರಾಕಿಗಳು ಎದುರಿಗೆ ‘ಶೈಲಾ ಬಾಯಾರ’ ಎನ್ನುತ್ತಾರೆ, ಹಿಂದಿನಿಂದ ಏನೆನ್ನುತ್ತಾರೋ ನಾನು ವಿಚಾರಿಸಿಲ್ಲ. ಅಳತೆ ಬ್ಲೌಸು ತಾರದೆ ‘ಅಂದಾಜಿಲೆ ಹೊಲೀರಿ’ ಎನ್ನುವವರನ್ನು ಕಂಡರೆ ನನಗೆ... ಇರಲಿ. ನಾನು ಹೇಳಹೊರಟಿರುವುದು ಬ್ಲೌಸಿನ ಸಿಟ್ಟಲ್ಲ, ದೋಣಿಯ ಸಿಟ್ಟು.

ಕಬ್ಬಿನ ನಾಡಿನಲ್ಲಿ ದೋಣಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೊಲ್ಹಾಪುರದ ಒಂದು ಹಳೇ ಬಂಗಲೆಯ ಹಿತ್ತಲಿನಿಂದ ಬಂತು. ಅಲ್ಲಿ ಅದು ಬೋರಲಾಗಿ ಬಿದ್ದಿತ್ತು, ಕೆಳಗೆ ಕೋಳಿಗಳು ಸಂಸಾರ ಹೂಡಿದ್ದವು. ಬಂಗಲೆಯವರ ಅಜ್ಜ ಯಾವುದೋ ಕಾಲದಲ್ಲಿ ಅದಕ್ಕೆ ಹಾಯಿ ಕಟ್ಟಿ ಕೆರೆಯಲ್ಲಿ ತೇಲಿಸುತ್ತಿದ್ದರಂತೆ. ಈಗಿನವರಿಗೆ ಕಾರು ನಿಲ್ಲಿಸಲು ಜಾಗ ಬೇಕಾಗಿತ್ತು. ‘ಒಯ್ಯುವುದಾದರೆ ಒಯ್ಯಿರಿ’ ಎಂದರು. ಇದನ್ನು ಕೇಳಿಸಿಕೊಂಡವನು ಶಿವಲಿಂಗ. ಎಸ್‌.ಟಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಸುಮ್ಮನೆ ಕೂತರೆ ಮೈ ತುರಿಸುವ ಜಾತಿಯ ಮನುಷ್ಯ. ಅವನು ಬಾಳಗೌಡನಿಗೆ ಫೋನು ಮಾಡಿದ, ಬಾಳಗೌಡ ಟ್ರ್ಯಾಕ್ಟರ್ ಟ್ರಾಲಿ ತಂದ. ಬಾಳಗೌಡನದು ಹಾತಕಣಂಗಲೆಯ ಹತ್ತಿರ ಕಬ್ಬಿನ ಹೊಲ, ನಿಧಾನದ ಮಾತು, ಯಾರಿಗೂ ಇಲ್ಲ ಎನ್ನಲಾರದ ಸ್ವಭಾವ. ನಾವು ಮೂವರೂ ಗಡಹಿಂಗ್ಲಜದ ಒಂದೇ ಶಾಲೆಯಲ್ಲಿ, ಒಂದೇ ವರ್ಗದಲ್ಲಿ ಓದಿದವರು. ಆದ್ದರಿಂದ ಅರವತ್ತರ ಹತ್ತಿರ ಬಂದರೂ ಒಬ್ಬರಿಗೊಬ್ಬರು ‘ನೀ’ ಎಂದೇ ಮಾತಾಡುತ್ತೇವೆ, ಜಗಳವನ್ನೂ ಹಾಗೇ ಆಡುತ್ತೇವೆ.

ಒಂದು ವರ್ಷ ಪ್ರತಿ ಭಾನುವಾರ ಬಾಳಗೌಡನ ಶೆಡ್ಡಿನಲ್ಲಿ ದೋಣಿಯ ಸೇವೆ ನಡೆಯಿತು. ಹಳೇ ಬಣ್ಣ ಕೆರೆದೆವು. ಗೆದ್ದಲು ತಿಂದ ಹಲಗೆ ಕಿತ್ತು ಸಾಗವಾನಿ ಹಾಕಿಸಿದೆವು. ಹಲಗೆಗಳ ನಡುವಿನ ಸಂದಿಗೆ ತುರುಕಲು ನಮ್ಮೂರಿನ ಮಗ್ಗಗಳ ವೇಸ್ಟ್ ನೂಲನ್ನು ನಾನೇ ಚೀಲ ಚೀಲ ಹೊತ್ತು ತಂದೆ. ಆ ಸಂದಿಗಳಿಗೆ ಮೆತ್ತಿದ ಲಾಂಬಿ, ಅಂದರೆ ಅಂಟು, ನನ್ನ ಬೆರಳುಗಳಿಂದ ಒಂದು ವಾರ ಹೋಗದೆ, ಒಬ್ಬ ಮದುಮಗಳ ರೇಷ್ಮೆ ಬ್ಲೌಸಿನ ಮೇಲೆ ಗುರುತು ಬಿಟ್ಟಿತು. ಆ ಬೈಗುಳವನ್ನೂ ದೋಣಿಗಾಗಿ ಉಂಡೆ.

ಇಷ್ಟಾದ ಮೇಲೆ ಈ ಇಬ್ಬರು ಮಹಾಶಯರು ಏನು ಮಾಡಿದರು ಗೊತ್ತೆ? ಹಾಯಿಯನ್ನು ಜಯಸಿಂಗಪುರದ ತಾಡಪತ್ರಿ ಅಂಗಡಿಯಲ್ಲಿ ಹೊಲಿಸಿಕೊಂಡು ಬಂದರು! ಲಾರಿಗೆ ಹೊದಿಸುವ ನೀಲಿ ತಾಡಪತ್ರಿ. ನನಗೆ ಹೇಳದೆಯೇ ನೇಸರಿಯ ಕಡೆಯ ಕೆರೆಗೆ ಒಯ್ದು ಪರೀಕ್ಷೆಯನ್ನೂ ಮಾಡಿದರು. ದೋಣಿ ಮುಂದಕ್ಕೆ ಹೋಗುವುದನ್ನು ಬಿಟ್ಟು ಅಡ್ಡಡ್ಡ ಸರಿದು, ನೀರಲ್ಲಿ ಮಲಗಿದ್ದ ಎಮ್ಮೆಗಳ ನಡುವೆ ಹೋಗಿ ನಿಂತಿತಂತೆ. ಸುದ್ದಿ ನನಗೆ ಬಾಳಗೌಡನ ಹೆಂಡತಿಯಿಂದ ತಿಳಿಯಿತು.

“ನಾ ಏನು ಸತ್ತಿದ್ದೆನೇನೋ?” ಎಂದು ಫೋನಿನಲ್ಲಿ ಕೂಗಿದೆ.

“ಹಂಗಲ್ಲ ಶೈಲಾ, ನೀ ಬ್ಲೌಸ್ ಹೊಲಿಯಾಕಿ. ಇದು ದೋಣಿದು...” ಎಂದ ಶಿವಲಿಂಗ.

ಬ್ಲೌಸ್ ಹೊಲಿಯುವವಳು! ದೋಣಿಯ ಜೊತೆ ಬಂದಿದ್ದ, ಇಲಿ ತಿಂದು ಮಿಕ್ಕಿದ್ದ ಹಳೇ ಹಾಯಿಯನ್ನು ಅಂಗಡಿಯ ನೆಲದ ಮೇಲೆ ಹರವಿ ನಾಲ್ಕು ಸಂಜೆ ನೋಡಿದೆ. ಹಾಯಿ ಸಪಾಟಾದ ಬಟ್ಟೆಯಲ್ಲ, ಅದಕ್ಕೊಂದು ಹೊಟ್ಟೆ ಇರಬೇಕು. ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಅಂಚುಗಳಿಗೆ ಸಣ್ಣ ಬಾಗು ಕೊಟ್ಟು ಕೂಡಿಸಿದರೆ ಆ ಹೊಟ್ಟೆ ಬರುತ್ತದೆ. ಹೆಣ್ಣಿನ ಮೈಗೆ ಬಟ್ಟೆ ಕೂರಿಸುವವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂದಹಾಗೆ, ‘ಹಾಯಿ’ಗೂ ‘ಹಾಯಾಗಿ’ಗೂ ನಂಟು ಇದೆಯೋ ಇಲ್ಲವೋ ಪಂಡಿತರು ಹೇಳಲಿ. ನಮ್ಮ ಕಡೆ ಎಮ್ಮೆ ಹಾಯುತ್ತದೆ, ಅಂದರೆ ಕೊಂಬಿನಿಂದ ತಿವಿಯುತ್ತದೆ. ಆ ದಿನಗಳಲ್ಲಿ ನನಗೆ ಈ ಅರ್ಥವೇ ಹೆಚ್ಚು ಹತ್ತಿರವಾಗಿತ್ತು.

ಗಟ್ಟಿ ಬಿಳಿ ಬಟ್ಟೆಯಲ್ಲಿ, ಎರಡೆರಡು ಹೊಲಿಗೆ ಹಾಕಿ, ಹದಿನೆಂಟು ದಿನದಲ್ಲಿ ಹಾಯಿ ಮುಗಿಸಿದೆ. ಮುಂದಿನ ಭಾನುವಾರ ಕೆರೆಯ ದಂಡೆಯಲ್ಲಿ ಅದನ್ನು ಗಳುವಿಗೆ ಏರಿಸಿದಾಗ ತೋಟಕ್ಕೆ ನೀರು ಬಿಡಲು ಬಂದವರು, ಹಾಲಿನ ಕ್ಯಾನು ಹೊತ್ತವರು, ಎಲ್ಲರೂ ನಿಂತು ನೋಡಿದರು. ನಾನು ಸೀರೆ ಬಿಟ್ಟು ಪಂಜಾಬಿ ಡ್ರೆಸ್ಸು ಹಾಕಿಕೊಂಡು ಹೋಗಿದ್ದೆ. ಚಪ್ಪಲಿ ಕಳಚಿ ನೀರಿಗೆ ಕಾಲಿಟ್ಟೆ. ಆಗ ಶಿವಲಿಂಗ, ತೇಲುವ ಜಾಕೀಟಿನ ಪಟ್ಟಿಯನ್ನು ಬಿಗಿಯುತ್ತ, ನನ್ನ ಮುಖ ನೋಡದೆ ಹೇಳಿದ:

“ಜಾಕೀಟು ಎರಡ ಅದಾವ. ನೀ ದಂಡಿ ಮ್ಯಾಲ ನಿಂತು ಫೋಟೋ ತಗಿ.”

“ನನಗ ಈಜಾಕ ಬರತೈತಿ. ನಮ್ಮ ಅಜ್ಜನ ಬಾವ್ಯಾಗ ಕಲತಾಕಿ ನಾ.”

“ಬಾವಿ ಬ್ಯಾರೆ, ಕೆರಿ ಬ್ಯಾರೆ. ಏನಾರ ಆತಂದ್ರ ಮಂದಿ ನಮಗ ಏನಂದಾರು?”

ಬಾಳಗೌಡ ಎಂದಿನಂತೆ ನೆಲ ನೋಡಿದ. ಹಾಲಿನ ಕ್ಯಾನಿನವರು ನಕ್ಕರು.

ನಾನು ದೋಣಿಗೆ ಹತ್ತಿ, ಹಗ್ಗ ಬಿಚ್ಚಿ, ಹಾಯಿಯನ್ನು ಇಳಿಸಿದೆ. ಸೀರೆ ಮಡಚುವಂತೆ ನೀಟಾಗಿ ಮಡಚಿದೆ. ಬಗಲಲ್ಲಿ ಇಟ್ಟುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆಗೆ ನಡೆದೆ. ಹಿಂದಿನಿಂದ “ಶೈಲಾ! ಏ ಶೈಲಾ!” ಎಂಬ ಕೂಗು ಸ್ವಲ್ಪ ದೂರ ಬಂತು. ಬಸ್ಸಿನ ಕಂಡಕ್ಟರು ನನ್ನ ತೊಡೆಯ ಮೇಲಿನ ಗಂಟು ನೋಡಿ “ತಾಈ, ಮಂಡಪ ಆಹೇ ಕಾ?” ಎಂದು ಕೇಳಿದ. ಹೌದು, ಮಂಟಪವೇ, ಇಬ್ಬರ ತಿಥಿಗೆ ಎಂದುಕೊಂಡೆ. ಹೆಂಗಸೆಂದು ನನಗೆ ಅರ್ಧ ಟಿಕೇಟು ಕೊಟ್ಟ, ಹಾಯಿಗೆ ಪೂರಾ ಲಗೇಜು ಹಚ್ಚಿದ.

ಮೂರು ವಾರ ಅವರ ಫೋನು ಎತ್ತಲಿಲ್ಲ. ಸಿಟ್ಟಿನಲ್ಲಿ ಕೆಲಸ ಚೆನ್ನಾಗಿ ಸಾಗುತ್ತದೆ. ದಸರೆಯ ಬಟ್ಟೆಗಳನ್ನೆಲ್ಲ ಗಣಪತಿಯ ಹಬ್ಬಕ್ಕೇ ಹೊಲಿದು ಮುಗಿಸಿದೆ. ಆದರೆ ಕಪಾಟು ತೆಗೆದಾಗಲೆಲ್ಲ ಆ ಬಿಳಿ ಗಂಟು ಕಾಣುತ್ತಿತ್ತು. ಮನೆಯಲ್ಲಿ ಕಟ್ಟಿಹಾಕಿದ ದನದಂತೆ ಅದು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಹೊಲಿದ ಬಟ್ಟೆ ಒಂದು ಸಲವಾದರೂ ಮೈಯೇರದೆ ಉಳಿಯುವುದು ನನ್ನ ಕಸುಬಿಗೆ ಅಪಶಕುನ.

ನಾಲ್ಕನೇ ವಾರ ಬಾಳಗೌಡ ಅಂಗಡಿಗೆ ಬಂದ. ಕೈಯಲ್ಲಿ ಹೆಂಡತಿಯ ಬ್ಲೌಸ್ ಪೀಸು.

“ಅಳತಿ ಬ್ಲೌಸೂ ತಂದೇನಿ” ಎಂದ, ಬಹಳ ವಿನಯದಿಂದ. ನಾನು ಕತ್ತರಿ ಆಡಿಸುತ್ತಲೇ ಇದ್ದೆ. ಪೀಸು ಮೇಜಿನ ಮೇಲಿಟ್ಟು, “ತಪ್ಪಾತು ಶೈಲಾ. ಆವತ್ತ ನಾ ಬಾಯಿ ತಗೀಬೇಕಾಗಿತ್ತು. ಮೂರನೇ ಜಾಕೀಟು ತಗೊಂಡೇನಿ” ಎಂದ.

“ಚುಕ್ಕಾಣಿ ನನ್ನ ಕೈಯಾಗ ಇರಬೇಕು. ಅಂದ್ರ ಬರತೇನಿ.”

“ಇರಲಿ. ಅವಗ ನಾ ಹೇಳತೇನಿ.”

ಆ ಭಾನುವಾರ ನಾನು ಚುಕ್ಕಾಣಿ ಹಿಡಿದೆ, ಬಾಳಗೌಡ ಹಾಯಿಯ ಹಗ್ಗ ಹಿಡಿದ, ಶಿವಲಿಂಗ ನಡುವೆ ಕೂತ. ದಂಡೆಯಿಂದ ಹತ್ತು ಜನ ಹತ್ತು ಸಲಹೆ ಕೂಗಿದರು. ಅವರೆಲ್ಲರ ಮೇಲೂ ನನಗೆ ಸಿಟ್ಟು ಬಂತು. ಆಮೇಲೆ ಗಾಳಿ ಬಂತು. ಹಾಯಿ ಒಮ್ಮೆ ಪಟಪಟಿಸಿ, ಮೆಲ್ಲಗೆ ಹೊಟ್ಟೆ ತುಂಬಿಕೊಂಡಿತು. ಎಲ್ಲಿಯೂ ಒಂದು ಸುಕ್ಕಿಲ್ಲ. ದೋಣಿ ವಾಲಿ, ಸುಯ್ಯೆಂದು ನೀರು ಸೀಳಿ ಹೊರಟಿತು. ಮೋಟಾರಿನ ಸದ್ದಿಲ್ಲ, ಹೊಗೆಯಿಲ್ಲ. ನಾನು ಹೊಲಿದ ಬಟ್ಟೆ ಮೂವರು ಮುದುಕರನ್ನು ಎಳೆದೊಯ್ಯುತ್ತಿತ್ತು. ಹತ್ತು ನಿಮಿಷ ನಾನು ಯಾರ ಮೇಲೂ ಸಿಟ್ಟಾಗಿರಲಿಲ್ಲ. ಇದು ನನ್ನ ಜೀವನದ ದಾಖಲೆ ಇರಬೇಕು.

ಕೆರೆಯ ನಟ್ಟನಡುವೆ ಗಾಳಿ ನಿಂತುಬಿಟ್ಟಿತು. ಹಾಯಿ ಜೋತು ಬಿತ್ತು. ಆಗಲೇ ನಾನು ಶಿವಲಿಂಗನನ್ನು ಸರಿಯಾಗಿ ನೋಡಿದ್ದು. ಎರಡೂ ಕೈಯಿಂದ ಹಲಗೆ ಹಿಡಿದಿದ್ದಾನೆ, ಬೆರಳ ಗೆಣ್ಣು ಬೆಳ್ಳಗಾಗಿವೆ. ಬಿಸಿಲಿಲ್ಲದಿದ್ದರೂ ಹಣೆ ತುಂಬ ಬೆವರು.

“ಏನಾತೋ?”

ಅವನು ನೀರಿನ ಕಡೆ ನೋಡದೆ ಹೇಳಿದ: “ನನಗ ಈಜಾಕ ಬರಂಗಿಲ್ಲ. ಸಣ್ಣಾವಿದ್ದಾಗ ಹೊಳ್ಯಾಗ ಒಮ್ಮೆ ಮುಳಗಿದ್ದೆ. ಭಾಳ ಹೆದರಿಕಿ ಬರತೈತಿ ನೀರಂದ್ರ. ನಿನ್ನ ಮುಂದ ಅದು ಕಾಣಬಾರದಂತ ಆವತ್ತ ಬ್ಯಾಡಂದೆ.”

ಕರುಣೆ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಇಮ್ಮಡಿಯಾಯಿತು. ಇವನ ಅಂಜಿಕೆ ಮುಚ್ಚಿಡಲು ನಾನು ದಂಡೆಯ ಮೇಲೆ ನಿಲ್ಲಬೇಕಾಗಿತ್ತೆ! ಹಾಲಿನ ಕ್ಯಾನಿನವರ ನಗು ನನ್ನ ಪಾಲಿಗೆ ಬರಬೇಕಾಗಿತ್ತೆ! ಗಾಳಿ ಮರಳಿ ಬರುವವರೆಗೆ, ಒಂದು ಗಂಟೆ ಹೊತ್ತು ಅವನಿಗೆ ಬೈದೆ. ತಪ್ಪಿಸಿಕೊಂಡು ಹೋಗಲು ಅವನಿಗೆ ಜಾಗವೇ ಇರಲಿಲ್ಲ. ಬಾಳಗೌಡ ಹಗ್ಗ ಹಿಡಿದು ನಿಶ್ಚಿಂತೆಯಿಂದ ಶೇಂಗಾ ತಿಂದ.

ಬೈಗುಳ ತೀರಿದ ಮೇಲೆ ಏನು ಮಾಡುವುದು? ಈಗ ಭಾನುವಾರ ಬೆಳಿಗ್ಗೆ, ದೋಣಿಗೆ ಮೊದಲು, ಬಾಳಗೌಡನ ಬಾವಿಯಲ್ಲಿ ಶಿವಲಿಂಗನಿಗೆ ಈಜು ಕಲಿಸುತ್ತೇನೆ. ಅವನ ಬೆನ್ನಿಗೆ ಎರಡು ಖಾಲಿ ಎಣ್ಣೆ ಕ್ಯಾನು ಕಟ್ಟಿದ್ದೇನೆ. ನಾನು ನೀರಲ್ಲಿ, ಅವನು ಮೆಟ್ಟಿಲ ಮೇಲೆ. ಕಳೆದ ವಾರ ಅರ್ಧ ಗಂಟೆ ಕಾದು ಕಾದು ಕಿರುಚಿದೆ. ಅವನು ಗೋಡೆಗೆ ಅಂಟಿಕೊಂಡು ಹೇಳಿದ:

“ಸಿಟ್ಟಿಗೇಳಬ್ಯಾಡ ಶೈಲಾ. ನೀ ಒದರಿದ್ರ ನೀರು ಅಲ್ಲಾಡತೈತಿ.”

ನೋಡಿದೆ. ನಿಜವೇ, ಅಲ್ಲಾಡುತ್ತಿತ್ತು. ಬಾಯಿ ಮುಚ್ಚಿ, ಕೈಕಾಲು ಆಡಿಸದೆ ಸುಮ್ಮನೆ ತೇಲಿದೆ. ನೀರು ಕನ್ನಡಿಯಂತಾಯಿತು. ಅವನು ಒಂದು ಮೆಟ್ಟಿಲು ಇಳಿದ.

ಇನ್ನೂ ನಾಲ್ಕು ಉಳಿದಿವೆ.